ಆಟದ ಕಂಪನಿ ಗೆದ್ದಿತು, ಕೆಲಸ ಬಿಡುತ್ತೇನೆ ಎನ್ನುತ್ತಾರೆ

ಪ್ರಶ್ನೆ: ನನ್ನ ಯಜಮಾನರು ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಟೆಸ್ಟಿಂಗ್ ಕೆಲಸದಲ್ಲಿದ್ದಾರೆ. ಊಟವಾದ ಮೇಲೆ ಲ್ಯಾಪ್‌ಟಾಪ್ ಮುಂದೆ ಕೂತರೆ ಗೇಮ್ ಡೆವ್ ಟೈಕೂನ್ ಅಂತ ಒಂದು ಆಟ, ರಾತ್ರಿ ಒಂದಾದರೂ ಏಳುವುದಿಲ್ಲ. ಗ್ಯಾರೇಜಿನಲ್ಲಿ ಕಂಪನಿ ಶುರು ಮಾಡಿ ದೊಡ್ಡದು ಮಾಡುವ ಆಟವಂತೆ. ಈಗ ‘ಇದರ ಲೆಕ್ಕಾಚಾರ ನನಗೆ ತಿಳಿಯಿತು, ಕೆಲಸ ಬಿಟ್ಟು ನಮ್ಮದೇ ಸ್ಟಾರ್ಟಪ್ ಮಾಡೋಣ, ನಿನ್ನ ಒಡವೆ ಅಡ ಇಟ್ಟರೆ ಬಂಡವಾಳ ಆಗುತ್ತೆ’ ಎನ್ನುತ್ತಿದ್ದಾರೆ. ಬಾಡಿಗೆ ಮನೆ, ಮಗಳು ಎರಡನೇ ಕ್ಲಾಸು. ಬೇಡ ಎಂದರೆ ‘ನಿನಗೆ ನನ್ನ ಮೇಲೆ ನಂಬಿಕೆಯಿಲ್ಲ’ ಎಂದು ಮುಖ ಊದಿಸಿಕೊಳ್ಳುತ್ತಾರೆ. ಇದು ಚಟವೇ? ನಾನೇನು ಮಾಡಲಿ?
ಹೆಸರು ಬೇಡ, ಬೆಂಗಳೂರು

ಉತ್ತರ: ಚಟದ ಮಾತು ಮೊದಲು ಮುಗಿಸೋಣ. ರಾತ್ರಿ ಒಂದರವರೆಗೆ ಆಡಿದ ಮಾತ್ರಕ್ಕೆ ಅದು ಕಾಯಿಲೆಯಲ್ಲ. ಹಿಡಿತ ತಪ್ಪಿ, ಆಫೀಸು, ಸಂಸಾರ ಎಲ್ಲ ಕೆಡುತ್ತಿದ್ದರೂ ಬಿಡಲಾಗದೆ ಸಾಮಾನ್ಯವಾಗಿ ವರ್ಷದಷ್ಟು ಕಾಲ ನಡೆದರೆ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಗೇಮಿಂಗ್ ಡಿಸಾರ್ಡರ್ ಎನ್ನುತ್ತದೆ. ನಿಮ್ಮ ಪತ್ರದಲ್ಲಿ ಅಂಥದ್ದು ಕಾಣಲಿಲ್ಲ. ಅನುಮಾನ ಉಳಿದರೆ ನಿಮ್ಹಾನ್ಸ್‌ನಲ್ಲಿ 2014ರಿಂದ ಇದಕ್ಕೆಂದೇ ‘ಶಟ್’ ಕ್ಲಿನಿಕ್ ಇದೆ, ಇಬ್ಬರೂ ಹೋಗಿ ಬನ್ನಿ.

ಆಟವನ್ನು ನಾನು ಬೈಯಲಾರೆ. 1980ರ ದಶಕದ ಗ್ಯಾರೇಜಿನಲ್ಲಿ ಒಬ್ಬರೇ ಕೂತು ವಿಡಿಯೊ ಗೇಮ್ ತಯಾರಿಸಬೇಕು. ಕಥೆಗೆಷ್ಟು ಸಮಯ, ಗ್ರಾಫಿಕ್ಸ್‌ಗೆಷ್ಟು ಎಂದು ಹಂಚಬೇಕು. ನಾಲ್ವರು ವಿಮರ್ಶಕರು ಹತ್ತಕ್ಕೆ ಇಷ್ಟೆಂದು ಅಂಕ ಕೊಡುತ್ತಾರೆ. ಅಂಕ ಚೆನ್ನಾಗಿ ಬಂದರೆ ಮಾರಾಟ ತಾನಾಗಿ ಏರುತ್ತದೆ. ಹತ್ತು ಲಕ್ಷ ಕೂಡಿದರೆ ಆಫೀಸು, ಸಂಬಳದ ಜನ, ದಣಿದವರಿಗೆ ರಜೆ. ಕೈಲಿದ್ದ ದುಡ್ಡು ತಿಂಗಳ ಖರ್ಚಿಗೇ ಹೇಗೆ ಕರಗುತ್ತದೆ ಎಂಬುದಂತೂ ಆಡಿದವರಿಗೆ ತಿಳಿದೇ ತಿಳಿಯುತ್ತದೆ.

ಆದರೆ ಗಿರಾಕಿಯನ್ನು ಹುಡುಕಿಕೊಂಡು ಅಲೆಯುವ ಕೆಲಸ ಅಲ್ಲಿಲ್ಲ. ಫೋನ್ ಎತ್ತದವನು, ‘ಮುಂದಿನ ತಿಂಗಳು ನೋಡೋಣ’ ಎನ್ನುವವನು, ಬಿಲ್ ಕಳಿಸಿ ಮೂರು ತಿಂಗಳಾದರೂ ದುಡ್ಡು ಹಾಕದವನು ಆ ಪರದೆಯ ಮೇಲೆ ಬರುವುದೇ ಇಲ್ಲ. ಮುಳುಗಿದರೆ ಹೊಸ ಆಟ ಶುರು ಮಾಡಬಹುದು. ಅಡ ಇಟ್ಟ ಚಿನ್ನದ ಬಡ್ಡಿ ಹಾಗೆ ನಿಲ್ಲುವುದಿಲ್ಲ.

ಯಜಮಾನರಿಗೆ ಆ ಆಟ ಮಾಡಿದವರ ಕಥೆಯನ್ನೇ ಹೇಳಿ. ಪ್ಯಾಟ್ರಿಕ್ ಮತ್ತು ಡೇನಿಯಲ್ ಕ್ಲುಗ್ ಎಂಬ ಅಣ್ಣತಮ್ಮಂದಿರ ಪುಟ್ಟ ಕಂಪನಿ ಅದು, ಗ್ರೀನ್‌ಹಾರ್ಟ್ ಗೇಮ್ಸ್. 2013ರ ಏಪ್ರಿಲ್‌ನಲ್ಲಿ ಆಟವನ್ನು ಮಾರಾಟಕ್ಕಿಟ್ಟವರು ಅದರ ಕಳ್ಳಪ್ರತಿಯೊಂದನ್ನೂ ತಾವೇ ಹರಿಯಬಿಟ್ಟರು. ಆ ಪ್ರತಿಯಲ್ಲಿ ಎಷ್ಟೇ ಒಳ್ಳೆಯ ಗೇಮ್ ಮಾಡಿದರೂ ಜನ ಕದ್ದು ಆಡುತ್ತಾರೆ, ಕಂಪನಿ ದಿವಾಳಿಯಾಗುತ್ತದೆ. ಒಂದು ದಿನ ಕಳೆದು ಲೆಕ್ಕ ನೋಡಿದರೆ ಕಳ್ಳಪ್ರತಿ ಆಡುತ್ತಿದ್ದವರು 3,104 ಮಂದಿ, ದುಡ್ಡು ಕೊಟ್ಟವರು 214! ಕದ್ದವರಲ್ಲೇ ಕೆಲವರು ‘ಕಳ್ಳರಿಂದ ನಮ್ಮ ಕಂಪನಿ ಮುಳುಗುತ್ತಿದೆ’ ಎಂದು ಗೋಳಾಡಿದರಂತೆ. ಮುಂದೆ ಆಟ ಹೆಸರು ಮಾಡಿತು ನಿಜ. ಆದರೆ ಒಳ್ಳೆಯ ಸರಕು ಕೈಲಿದ್ದವರ ಆ ಒಂದು ದಿನದ ವ್ಯಾಪಾರ ಅಷ್ಟೇ.

ಆದ್ದರಿಂದ ‘ಬೇಡ’ ಎನ್ನುವ ಬದಲು ‘ಯಾರಿಗೆ ಮಾರುತ್ತೀರಿ?’ ಎಂದು ಕೇಳಿ. ನೆಂಟರು, ಸ್ನೇಹಿತರನ್ನು ಬಿಟ್ಟು ಮೂವರು ಗಿರಾಕಿಗಳನ್ನು ಕೆಲಸದಲ್ಲಿದ್ದುಕೊಂಡೇ ಹುಡುಕಿ ತೋರಿಸಲಿ. ಅದಕ್ಕೂ ಮುಂಚೆ ಅಪಾಯಿಂಟ್‌ಮೆಂಟ್ ಲೆಟರ್ ತೆಗೆದು ಓದಲಿ; ಕೆಲಸದಲ್ಲಿರುವಾಗ ಬೇರೆ ವ್ಯವಹಾರ ಕೂಡದೆಂಬ ಷರತ್ತು ಐಟಿಯಲ್ಲಿ ಮಾಮೂಲು. ಹಾಗಿದ್ದರೆ ಕಂಪನಿಯ ಅನುಮತಿ ಸಿಗುವವರೆಗೆ ದುಡ್ಡು ಮುಟ್ಟುವುದು ಬೇಡ, ಮಾತುಕತೆ ಸಾಕು. ಬಾಡಿಗೆ, ಫೀಸು, ರೇಷನ್, ಊರಿಗೆ ಕಳಿಸುವುದು ಎಲ್ಲ ಬರೆದು, ಒಂದು ವರ್ಷದ ಖರ್ಚು ನಿಮ್ಮ ಹೆಸರಿನ ಎಫ್‌ಡಿಯಲ್ಲಿ ಕೂತ ಮೇಲೆ ರಾಜೀನಾಮೆಯ ಮಾತು.

ಇದನ್ನೆಲ್ಲ ನಡುರಾತ್ರಿ ನಿದ್ದೆಗಣ್ಣಲ್ಲಿ ಎತ್ತಬೇಡಿ. ಭಾನುವಾರ ತಿಂಡಿಯಾದ ಮೇಲೆ ಪಕ್ಕದಲ್ಲಿ ಕೂತು ‘ನನಗೂ ಆಟ ತೋರಿಸಿ’ ಎನ್ನಿ, ಎಷ್ಟು ಸಲ ದಿವಾಳಿಯಾದಿರಿ ಎಂದೂ ಕೇಳಿ. ಗಂಡಸರು ಆಟದ ಸೋಲನ್ನು ಹೇಳಿಕೊಳ್ಳುವಷ್ಟು ಸಲೀಸಾಗಿ ಭಯವನ್ನು ಹೇಳಿಕೊಳ್ಳುವುದಿಲ್ಲ. ಮಾತು ಅಲ್ಲಿಂದ ಶುರುವಾದರೆ ಒಳ್ಳೆಯದೇ.

ಒಡವೆಯ ವಿಷಯದಲ್ಲಿ ಮಾತ್ರ ಚೌಕಾಸಿ ಬೇಡ. ಅದು ಸ್ತ್ರೀಧನ, ಕಾನೂನಿನ ಪ್ರಕಾರವೂ ನಿಮ್ಮದೇ. ಅಡ ಇಡಬೇಡಿ.