ಕಂಬಳದ ಋತು, ಅಭಿಮಾನಿಯ ಎದೆಬಡಿತ

ದೀಪಾವಳಿ ಕಳೆದು ಏಣೆಲು ಬೆಳೆಯ ಕೊಯ್ಲು ಮುಗಿಯುತ್ತಿದ್ದಂತೆ ಶಿರ್ತಾಡಿ ಪೇಟೆಯ ಹೋಟೆಲುಗಳಲ್ಲಿ ಮಾತಿನ ವಿಷಯ ಬದಲಾಗುತ್ತದೆ. ಅಡಿಕೆಯ ಧಾರಣೆ ಹಿಂದೆ ಸರಿದು ಕೋಣಗಳ ಸುದ್ದಿ ಮುಂದೆ ಬರುತ್ತದೆ. ಕಳೆದ ವರ್ಷ ನೇಗಿಲು ಕಿರಿಯದಲ್ಲಿ ಓಡಿದ ಜೋಡಿಗೆ ಈ ಸಲ ಹಲ್ಲು ಬಂದಿದೆಯಂತೆ, ಹಿರಿಯ ವಿಭಾಗದಲ್ಲಿ ನಿಭಾಯಿಸೀತೇ? ಯಾವ ಓಟಗಾರ ಯಾವ ಯಜಮಾನರ ಕೋಣಗಳನ್ನು ಓಡಿಸುತ್ತಾನೆ? ಕುದಿ ಕಂಬಳದಲ್ಲಿ ಚೆನ್ನಾಗಿ ಓಡಿದ ಜೋಡಿ ಜೋಡುಕರೆಯಲ್ಲಿ ಬೆದರದಿದ್ದರೆ ಸಾಕು. ಇಂಥ ಮಾತುಗಳಲ್ಲಿ ಅರ್ಧ ಆಸೆ, ಅರ್ಧ ಆತಂಕ.

ಆತಂಕಕ್ಕೆ ಕಾರಣಗಳೂ ಇದ್ದವು ಎನ್ನಿ. 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂದ ಮೇಲೆ ಹಲವು ವರ್ಷ ಋತು ನಡೆಯುವುದೇ ಅನುಮಾನವಾಗಿತ್ತು. 2017ರಲ್ಲಿ ರಾಜ್ಯ ಸರಕಾರ ಸುಗ್ರೀವಾಜ್ಞೆ ತಂದಿತು. 2023ರ ಮೇ 18ರಂದು ಸಂವಿಧಾನ ಪೀಠವು ರಾಜ್ಯದ ತಿದ್ದುಪಡಿ ಕಾಯಿದೆಯನ್ನು ಎತ್ತಿಹಿಡಿದಾಗ ಈ ಕಡೆಯ ಎಷ್ಟೋ ಮನೆಗಳಲ್ಲಿ ನಿಟ್ಟುಸಿರು ಕೇಳಿಸಿತು. ನಾವು ಇಂದು ನೋಡಬೇಕಾದದ್ದು ಕೋಣಗಳ ಆರೋಗ್ಯವನ್ನಲ್ಲ. ಅವುಗಳಿಗೆ ಹುರುಳಿ, ಎಣ್ಣೆ, ತಂಪು ಎಂದು ನೋಡಿಕೊಳ್ಳುವವರು ಇದ್ದಾರೆ. ಕರೆಯ ಬದಿಯಲ್ಲಿ ನಿಂತು ಕೂಗುವ ಅಭಿಮಾನಿಯನ್ನು ನೋಡಿಕೊಳ್ಳುವವರು ಕಡಿಮೆ.

ನಿಂತವನ ದೇಹದಲ್ಲಿ ಓಟ

2020ರ ಫೆಬ್ರವರಿ 1ರಂದು ಐಕಳ ಕಂಬಳದಲ್ಲಿ ಮೂಡುಬಿದಿರೆ ಸಮೀಪದ ಅಶ್ವತ್ಥಪುರದ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು 13.62 ಸೆಕೆಂಡಿನಲ್ಲಿ ಮುಗಿಸಿದ್ದನ್ನು ದೇಶವೇ ಮಾತಾಡಿಕೊಂಡಿತು. ಓಟ 13 ಸೆಕೆಂಡಿನದು. ಅದಕ್ಕಾಗಿ ಅಭಿಮಾನಿ ಕಾಯುವುದು ಎಷ್ಟೋ ವೇಳೆ 13 ಗಂಟೆ. ದೇಹಕ್ಕೆ ಹೆಚ್ಚು ದುಬಾರಿಯಾಗುವುದು ಈ ಕಾಯುವಿಕೆ.

ಫಲಿತಾಂಶ ಏನಾಗುವುದೋ ತಿಳಿಯದ ಸ್ಥಿತಿಯನ್ನು ನಮ್ಮ ಮೆದುಳು ಅಪಾಯವೆಂದೇ ಎಣಿಸುತ್ತದೆ. ಹುಲಿ ಎದುರಾದರೂ, ನಮ್ಮ ಜೋಡಿ ಗಂತಿನಲ್ಲಿ ನಿಂತರೂ ಅದು ಕಳುಹಿಸುವ ಆಜ್ಞೆ ಒಂದೇ. ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತವೆ. ನಾಡಿ ಏರುತ್ತದೆ, ರಕ್ತದೊತ್ತಡ ಏರುತ್ತದೆ, ರಕ್ತದಲ್ಲಿ ಸಕ್ಕರೆ ಏರುತ್ತದೆ, ಹೆಪ್ಪುಗಟ್ಟುವ ಗುಣವೂ ಹೆಚ್ಚುತ್ತದೆ. ಓಡುವವನಿಗೆ ಇದೆಲ್ಲ ಉಪಯೋಗಕ್ಕೆ ಬರುತ್ತದೆ. ನಿಂತು ನೋಡುವವನಿಗೆ ಬರುವುದಿಲ್ಲ. ಗದ್ದೆ ಉಳದೆ ಟ್ರ್ಯಾಕ್ಟರಿನ ಇಂಜಿನನ್ನು ಅಂಗಳದಲ್ಲೇ ಜೋರಾಗಿ ಓಡಿಸಿದ ಹಾಗೆ.

ಆರೋಗ್ಯವಂತ ತರುಣರಿಗೆ ಇದರಿಂದ ತೊಂದರೆಯಿಲ್ಲ. ಅರ್ಧ ಗಂಟೆಯಲ್ಲಿ ಎಲ್ಲ ಇಳಿಯುತ್ತದೆ. ಹೃದಯದ ರಕ್ತನಾಳಗಳಲ್ಲಿ ಕೊಬ್ಬು ಕಟ್ಟಿಕೊಂಡವರ ವಿಷಯ ಬೇರೆ. 2006ರಲ್ಲಿ ಜರ್ಮನಿಯಲ್ಲಿ ವಿಶ್ವಕಪ್ ಫುಟ್ಬಾಲ್ ನಡೆದಾಗ ಮ್ಯೂನಿಕ್ ನಗರ ಮತ್ತು ಸುತ್ತಲಿನ ವೈದ್ಯರು ಲೆಕ್ಕ ಇಟ್ಟರು. ತಮ್ಮ ದೇಶದ ತಂಡ ಆಡಿದ ದಿನಗಳಲ್ಲಿ ಹೃದಯದ ತುರ್ತು ತೊಂದರೆಗಳು ಬೇರೆ ದಿನಗಳ 2.66 ಪಟ್ಟು ಆಗಿದ್ದವು. ಗಂಡಸರಲ್ಲಿ 3.26 ಪಟ್ಟು, ಹೆಂಗಸರಲ್ಲಿ 1.82 ಪಟ್ಟು. ಆಟ ಆರಂಭವಾದ ಮೊದಲ ಎರಡು ಗಂಟೆಗಳಲ್ಲೇ ಹೆಚ್ಚು ಪ್ರಕರಣಗಳು. ಮೊದಲೇ ಹೃದಯದ ಕಾಯಿಲೆ ಇದ್ದವರಿಗೆ ಅಪಾಯವೂ ಹೆಚ್ಚು. 1998ರ ಜೂನ್ 30ರಂದು ಇಂಗ್ಲೆಂಡ್ ತಂಡ ಅರ್ಜೆಂಟೀನಕ್ಕೆ ಪೆನಾಲ್ಟಿಯಲ್ಲಿ ಸೋತಾಗಲೂ ಆ ದೇಶದ ಆಸ್ಪತ್ರೆಗಳಲ್ಲಿ ಆ ದಿನ ಮತ್ತು ಮುಂದಿನ ಎರಡು ದಿನ ಹೃದಯಾಘಾತದ ದಾಖಲಾತಿ ಶೇಕಡಾ 25ರಷ್ಟು ಏರಿತ್ತು. ಕಾಲ್ಚೆಂಡಿನ ಅಭಿಮಾನಿಯ ಹೃದಯಕ್ಕೂ ಕೋಣದ ಅಭಿಮಾನಿಯ ಹೃದಯಕ್ಕೂ ರಚನೆಯಲ್ಲಿ ವ್ಯತ್ಯಾಸವಿಲ್ಲ.

ಕೂಟದ ದಿನ ಮಾತ್ರೆ ಬೇಡವೇ?

ಪ್ರತಿ ಋತುವಿನಲ್ಲೂ ಕೇಳುವ ಮಾತು ಇದು. ‘ಇವತ್ತು ಒಂದು ದಿನ ಬೀಪಿ ಮಾತ್ರೆ ತೆಗೆದುಕೊಳ್ಳಲಿಲ್ಲ ಡಾಕ್ಟ್ರೇ, ಅದು ತೆಗೆದುಕೊಂಡರೆ ಪದೇ ಪದೇ ಮೂತ್ರಕ್ಕೆ ಹೋಗಬೇಕು, ಅಲ್ಲಿ ಆ ಜನರ ಮಧ್ಯೆ ಎಲ್ಲಿಗೆ ಹೋಗುವುದು?’ ಹೇಳುವವರು ಅರುವತ್ತು ದಾಟಿದವರು; ಅವರ ಕಷ್ಟ ಸುಳ್ಳಲ್ಲ. ಹೆಂಗಸರಿಗಂತೂ ಇದು ಇನ್ನೂ ದೊಡ್ಡ ಸಮಸ್ಯೆ; ಸಮಿತಿಯವರು ಇದನ್ನು ಮೊದಲು ಯೋಚಿಸಬೇಕೆಂದು ನನ್ನ ಅಭಿಪ್ರಾಯ. ಆದರೆ ರಕ್ತದೊತ್ತಡ ಏರುವುದು ಖಚಿತವಾಗಿರುವ ದಿನದಂದೇ ಮಾತ್ರೆ ಬಿಡುವುದೆಂದರೆ ಮಳೆ ಬರುವ ದಿನ ಕೊಡೆಯನ್ನು ಮನೆಯಲ್ಲಿ ಇಟ್ಟು ಹೋದಂತೆ. ರಕ್ತದೊತ್ತಡದ ಕೆಲವು ಮಾತ್ರೆಗಳನ್ನು ಒಮ್ಮೆಲೇ ನಿಲ್ಲಿಸಿದರೆ ಒತ್ತಡ ಮೊದಲಿಗಿಂತಲೂ ಮೇಲೇರುವುದುಂಟು. ಋತು ಆರಂಭವಾಗುವ ಮೊದಲೇ ನಿಮ್ಮ ವೈದ್ಯರಲ್ಲಿ ವಿಷಯ ಹೇಳಿ. ಮೂತ್ರ ಹೆಚ್ಚಿಸುವ ಮಾತ್ರೆಯ ಹೊತ್ತನ್ನು ಅವರು ಬದಲಿಸಬಹುದು, ಅಥವಾ ಬೇರೆ ಮಾತ್ರೆ ಕೊಡಬಹುದು. ನೀವಾಗಿಯೇ ನಿರ್ಧರಿಸಬೇಡಿ.

ಮಧುಮೇಹಿಗಳು ಇನ್ನೂ ಹೆಚ್ಚು ಎಚ್ಚರ ವಹಿಸಬೇಕು. ಬೆಳಗ್ಗೆ ಆರಂಭವಾದ ಕೂಟ ಮರುದಿನದವರೆಗೂ ನಡೆಯುತ್ತದೆ. ಸಂಜೆ ಇನ್ಸುಲಿನ್ ಚುಚ್ಚಿಕೊಂಡು, ‘ಈಗ ಅಡ್ಡ ಹಲಗೆ ಮುಗಿಯಲಿ, ಮತ್ತೆ ಉಣ್ಣುವ’ ಎಂದು ಕುಳಿತರೆ ರಕ್ತದ ಸಕ್ಕರೆ ಕುಸಿಯುತ್ತದೆ. ಮೈ ಬೆವರುತ್ತದೆ, ಕೈ ನಡುಗುತ್ತದೆ, ಮಾತು ತೊದಲುತ್ತದೆ, ಹೆಜ್ಜೆ ತಪ್ಪುತ್ತದೆ. ಕಂಬಳದ ಗದ್ದೆಯಲ್ಲಿ ರಾತ್ರಿ ಹನ್ನೊಂದಕ್ಕೆ ಹೀಗೆ ತೂರಾಡುವವನನ್ನು ನೋಡಿದ ಜನ ಏನೆಂದುಕೊಳ್ಳುತ್ತಾರೆ? ಕುಡಿದಿದ್ದಾನೆ, ಮಲಗಲಿ ಎಂದು ಬದಿಗೆ ಸರಿಸಿಬಿಡುತ್ತಾರೆ. ಬೆಳಗಾಗುವಾಗ ಕಾಲ ಮಿಂಚಿರಬಹುದು. ಇಂಥವರಿಗೆ ಎಚ್ಚರವಿದ್ದರೆ ಕೂಡಲೇ ಮೂರು ನಾಲ್ಕು ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿಸಬೇಕು; ಹದಿನೈದು ನಿಮಿಷದಲ್ಲಿ ಚೇತರಿಸದಿದ್ದರೆ ಮತ್ತೊಮ್ಮೆ. ಚೇತರಿಸಿದ ಮೇಲೆ ಊಟ ಮಾಡಿಸಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ, ಒಂದು ಮಗ್ಗುಲಿಗೆ ಮಲಗಿಸಿ, ಆಸ್ಪತ್ರೆಗೆ ಸಾಗಿಸಬೇಕು. ಮಧುಮೇಹಿಯು ಜೇಬಿನಲ್ಲಿ ತನ್ನ ಕಾಯಿಲೆ ಮತ್ತು ಔಷಧದ ಹೆಸರು ಬರೆದ ಚೀಟಿಯನ್ನೂ ನಾಲ್ಕು ಬೆಲ್ಲದ ತುಂಡನ್ನೂ ಇಟ್ಟುಕೊಂಡು ಹೋಗುವುದು ಒಳಿತು. ಬರಿಗಾಲಲ್ಲಿ ಕೆಸರಿಗೆ ಇಳಿಯಬಾರದು; ಸ್ಪರ್ಶಜ್ಞಾನ ಕುಂದಿದ ಪಾದಕ್ಕೆ ಕೂಳೆಯ ಮೊನೆ ಚುಚ್ಚಿದ್ದೂ ತಿಳಿಯುವುದಿಲ್ಲ. ಬಿಸಿಲಿಗೆ ನಿಂತ ವಾಹನದೊಳಗೆ ಇನ್ಸುಲಿನ್ ಇಟ್ಟರೆ ಅದು ಕೆಡುತ್ತದೆ.

ಗೋಳಿಬಜೆ, ಚುರುಮುರಿ, ಚಹಾ ಇಲ್ಲದೆ ಕಂಬಳ ಎಲ್ಲಿಯದು ಎಂದು ಕೇಳುವಿರಿ. ತಿನ್ನಿ, ಒಂದು ತಟ್ಟೆ. ಇಡೀ ರಾತ್ರಿಯ ಊಟ ಅದೇ ಆಗಬಾರದು.

‘ಗ್ಯಾಸ್’ ಅಲ್ಲದಿರಬಹುದು

ಎದೆಯ ನಡುವೆ ಭಾರ ಇಟ್ಟಂತೆ ಅಥವಾ ಹಿಂಡಿದಂತೆ ನೋವು, ಅದು ಎಡತೋಳಿಗೆ, ದವಡೆಗೆ, ಬೆನ್ನಿಗೆ ಹರಡುವುದು, ತಣ್ಣನೆಯ ಬೆವರು, ವಾಕರಿಕೆ, ಉಸಿರು ಸಾಲದಂತಾಗುವುದು ಹೃದಯಾಘಾತದ ಲಕ್ಷಣಗಳು. ನಮ್ಮವರ ಮೊದಲ ತೀರ್ಮಾನ ಮಾತ್ರ ‘ಗ್ಯಾಸ್’. ಮೊದಲ ಮದ್ದು ಒಂದು ಸೋಡ. ಮಧುಮೇಹಿಗಳಲ್ಲೂ ಹೆಂಗಸರಲ್ಲೂ ನೋವು ಸ್ಪಷ್ಟವಾಗಿ ಇಲ್ಲದೆ ಬರಿಯ ಸುಸ್ತು, ಬೆವರು ಬರುವುದೂ ಇದೆ. ರಕ್ತ ತಲುಪದ ಹೃದಯದ ಮಾಂಸಖಂಡ ನಿಮಿಷ ನಿಮಿಷಕ್ಕೆ ಸಾಯುತ್ತದೆ. ಮೊದಲ ಒಂದು ಗಂಟೆ ಎಲ್ಲಕ್ಕಿಂತ ಬೆಲೆಯುಳ್ಳದ್ದು. 108ಕ್ಕೆ ಕರೆ ಮಾಡಿ, ರೋಗಿಯನ್ನು ನಡೆಸದೆ ಕೂರಿಸಿ, ಇಸಿಜಿ ಇರುವ ಹತ್ತಿರದ ಆಸ್ಪತ್ರೆಗೆ ಒಯ್ಯಿರಿ. ಬೈಕಿನ ಹಿಂದೆ ಕೂರಿಸಿ ಕರೆದೊಯ್ಯುವುದು, ರೋಗಿಯೇ ಕಾರು ಓಡಿಸುವುದು ಬೇಡ. ಗದ್ದೆಯ ಬದಿಯಲ್ಲಿ ಆಂಬುಲೆನ್ಸ್ ಎಲ್ಲಿ ನಿಂತಿದೆ, ಅದು ಹೊರಬರಲು ದಾರಿ ಇದೆಯೇ ಎಂದು ಹೋದ ಕೂಡಲೇ ನೋಡಿಕೊಳ್ಳಿ. ನಿಲ್ಲಿಸಿದ ವಾಹನಗಳ ನಡುವೆ ಸಿಕ್ಕಿಬಿದ್ದ ಆಂಬುಲೆನ್ಸ್ ಇದ್ದೂ ಇಲ್ಲದಂತೆ.

ಜನಸಂದಣಿಯ ವಿಷಯ ಹೇಳದೆ ಹೋಗಲಾರೆ. 2025ರ ಜೂನ್ 3ರಂದು ಬೆಂಗಳೂರಿನ ಕ್ರಿಕೆಟ್ ತಂಡ ಹದಿನೆಂಟನೇ ಋತುವಿನಲ್ಲಿ ಮೊದಲ ಬಾರಿ ಐಪಿಎಲ್ ಗೆದ್ದಿತು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಮಂದಿ ಅಭಿಮಾನಿಗಳು ಸತ್ತರು. ಕಾಲ್ತುಳಿತವೆಂದು ನಾವು ಕರೆದರೂ ಇಂಥ ಕಡೆ ಹೆಚ್ಚಿನವರು ಸಾಯುವುದು ತುಳಿತದಿಂದಲ್ಲ. ಎಲ್ಲ ಕಡೆಯಿಂದ ಒತ್ತಿದಾಗ ಎದೆ ಹಿಗ್ಗಲು ಜಾಗವಿಲ್ಲದೆ ಉಸಿರುಗಟ್ಟಿ. ನಿಮ್ಮ ಕೈಗಳನ್ನು ಸ್ವತಂತ್ರವಾಗಿ ಎತ್ತಲು ಆಗದಷ್ಟು ಜನ ಸೇರಿದರೆ ಆಗಲೇ ಹೊರಡಬೇಕು. ಸಿಕ್ಕಿಬಿದ್ದರೆ ಎರಡು ಕೈಗಳನ್ನು ಮಡಿಸಿ ಎದೆಯ ಮುಂದೆ ಹಿಡಿದು ಉಸಿರಿಗೆ ಜಾಗ ಉಳಿಸಿಕೊಳ್ಳಿ. ಹರಿವಿಗೆ ಎದುರಾಗಿ ನೂಕದೆ ಓರೆಯಾಗಿ ಬದಿಗೆ ಸರಿಯಿರಿ. ಕಂಬಳದಲ್ಲಿ ಎಲ್ಲರಿಗೂ ಮಂಜೊಟ್ಟಿಯ ಹತ್ತಿರವೇ ನಿಲ್ಲಬೇಕು. ಓಡಿ ಬಂದ ಕೋಣಗಳು ನಿಲ್ಲುವುದೂ ಅಲ್ಲೇ. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಅಲ್ಲಿ ನಿಲ್ಲುವ ಅಪ್ಪಂದಿರನ್ನು ಕಂಡರೆ ನನ್ನ ನಾಡಿಯೇ ಏರುತ್ತದೆ.

ಮೊದಲ ಕೂಟದಲ್ಲೇ ನೆಚ್ಚಿನ ಜೋಡಿ ಸೋತರೆ ಒಂದೆರಡು ದಿನ ಊಟ ರುಚಿಸದಿರುವುದು ಸಹಜ, ಅದು ರೋಗವಲ್ಲ. ಎರಡು ವಾರ ಕಳೆದರೂ ನಿದ್ದೆ ಬಾರದೆ, ಯಾವುದರಲ್ಲೂ ಮನಸ್ಸಿಲ್ಲದಿದ್ದರೆ, ಅಥವಾ ಬೇಸರ ನೀಗಲು ದಿನವೂ ಕುಡಿತ ಬೇಕಾದರೆ ಮನೆಯವರು ವೈದ್ಯರಲ್ಲಿಗೆ ಕರೆತರಬೇಕು.

ಕೊನೆಗೆ, ಮನೆಗೆ ಮರಳುವ ಹೊತ್ತು. ಫೈನಲ್ ಮುಗಿದು ಹೊರಡುವಾಗ ಮೈಯ ಅಡ್ರಿನಲಿನ್ ಇಳಿದಿರುತ್ತದೆ, ಇಡೀ ರಾತ್ರಿಯ ನಿದ್ದೆ ಬಾಕಿ ಇರುತ್ತದೆ, ನಸುಕಿನ ಚಳಿ, ತಿರುವುಗಳ ರಸ್ತೆ. ರೆಪ್ಪೆ ಮೂರು ಸೆಕೆಂಡು ಮುಚ್ಚಿದರೆ ಗಂಟೆಗೆ 50 ಕಿಲೋಮೀಟರ್ ವೇಗದ ಬೈಕು ನಲವತ್ತು ಮೀಟರ್ ಮುಂದೆ ಹೋಗಿರುತ್ತದೆ. ಚಹಾ ಕುಡಿದು ಮುಖ ತೊಳೆದರೆ ನಿದ್ದೆ ಹೋಗದು. ಇಪ್ಪತ್ತು ನಿಮಿಷ ಅಲ್ಲೇ ಮಲಗಿ ಏಳಬೇಕು. ಅಥವಾ ಬೈಕನ್ನು ಪರಿಚಯದವರ ಮನೆಯಲ್ಲಿ ಬಿಟ್ಟು ಮೊದಲ ಬಸ್ಸು ಹಿಡಿಯಿರಿ. ಮಧ್ಯಾಹ್ನ ನಿದ್ದೆ ಮುಗಿಸಿ ಹೋಗಿ ತಂದರಾಯಿತು.