ಇಟ್ಟುಕೊಳ್ಳುವ ಗಾಡಿಗೆ ಮಾರುವ ಲೆಕ್ಕವೇಕೆ?

ಕಾರು ಕೊಳ್ಳಲು ಹೊರಟವರಿಗೆ ನಮ್ಮಲ್ಲಿ ಎದುರಾಗುವ ಮೊದಲ ಪ್ರಶ್ನೆ ಮೈಲೇಜ್, ಎರಡನೆಯದು ರೀಸೇಲ್. ಗಾಡಿ ಇನ್ನೂ ಶೋರೂಮಿನಲ್ಲಿರುವಾಗಲೇ ಭಾವಮೈದುನರು ಅದನ್ನು ಮಾರಿ ಮುಗಿಸಿರುತ್ತಾರೆ. 2013ರಲ್ಲಿ ನಾನು ಕೊಂಡ ಪೆಟ್ರೋಲ್ ಗಾಡಿಗೆ ರೀಸೇಲ್ ಇಲ್ಲ ಎಂದು ಮನೆಯಲ್ಲೆಲ್ಲ ಹೇಳಿದ್ದರು. ನಿಜವೇ. ಆದರೆ ಐದನೇ ವರ್ಷಕ್ಕೆ ಮಾರುವವರಿಗೆ ಆ ಮಾತು ಎಷ್ಟು ಮುಖ್ಯವೋ ಹದಿನೈದು ವರ್ಷ ಓಡಿಸುವವರಿಗೆ ಅಷ್ಟಿಲ್ಲ.

ಎರಡು ಗಾಡಿಗಳ ರೀಸೇಲ್‌ನಲ್ಲಿ ಐದನೇ ವರ್ಷಕ್ಕೆ 1 ಲಕ್ಷ ವ್ಯತ್ಯಾಸವಿದೆ ಅನ್ನಿ. ವರ್ಷಕ್ಕೆ 20,000 ರೂಪಾಯಿ, ಸಣ್ಣ ಮೊತ್ತವಲ್ಲ. ಹನ್ನೆರಡನೇ ವರ್ಷಕ್ಕೆ ಎರಡೂ ಹಳೇ ಗಾಡಿಗಳೇ. ಆಗ ಅಂತರ 36,000ಕ್ಕೆ ಇಳಿದಿದ್ದರೆ ವರ್ಷಕ್ಕೆ ಬೀಳುವುದು 3,000. ಅದಕ್ಕಾಗಿ ಇಷ್ಟವಿಲ್ಲದ ಗಾಡಿ ಓಡಿಸಬೇಕೆ?

ನಿಜವಾದ ಪೆಟ್ಟು ಬೀಳುವುದು ಮತ್ತೆ ಮತ್ತೆ ಹೊಸದು ಕೊಳ್ಳುವಾಗ. ಕರ್ನಾಟಕದಲ್ಲಿ 8 ಲಕ್ಷದ ಪೆಟ್ರೋಲ್ ಕಾರಿಗೆ ಜೀವಿತಾವಧಿ ತೆರಿಗೆ ಶೇ 14. ಸೆಸ್ಸೂ ಸೇರಿದರೆ ಒಂದೂಕಾಲು ಲಕ್ಷದ ಹತ್ತಿರ. ಐದೈದು ವರ್ಷಕ್ಕೆ ಗಾಡಿ ಬದಲಿಸುವವರು ಹದಿನೈದು ವರ್ಷದಲ್ಲಿ ಇದನ್ನು ಮೂರು ಸಲ ಕಟ್ಟುತ್ತಾರೆ. ವಿಮೆಯವರ ಪಟ್ಟಿಯಲ್ಲೂ ಆರು ತಿಂಗಳು ದಾಟಿದ ಗಾಡಿಗೆ ಶೇ 15 ಸವಕಳಿ, ನಾಲ್ಕು ವರ್ಷ ದಾಟಿದರೆ ಶೇ 50. (ಮಾರುವುದೇ ಆದರೆ ನೋ ಕ್ಲೇಮ್ ಬೋನಸ್ ಪತ್ರ ಮರೆಯದೆ ಪಡೆಯಿರಿ. ಆ ಬೋನಸ್ ನಿಮ್ಮದು, ಗಾಡಿಯದಲ್ಲ.)

ರಿಪೇರಿ? ಬರುತ್ತದೆ. ಹತ್ತನೇ ವರ್ಷ ನನ್ನ ಗಾಡಿಗೆ ಕ್ಲಚ್ಚು, ಸಸ್ಪೆನ್ಷನ್ನು, ನಾಲ್ಕು ಟೈರು ಒಟ್ಟಿಗೇ ಬಂದು 55,000 ಆಯಿತು. ಬಿಲ್ ನೋಡಿ ಹೆಂಡತಿ, 'ಇದನ್ನ ಕೊಟ್ಟುಬಿಡಿ' ಅಂದಳು. ಬ್ರೋಕರನ್ನು ಕರೆಸಿದೆ. ಆತ ಎಂಜಿನ್ ಸದ್ದು ಕೇಳುವ ಮೊದಲೇ ಬಾಗಿಲ ರಬ್ಬರ್ ಬೀಡಿಂಗ್ ಎಳೆದು, ಒಳಗಿನ ವೆಲ್ಡಿಂಗ್ ಚುಕ್ಕಿಗಳನ್ನು ಮೊಬೈಲ್ ಬೆಳಕಿನಲ್ಲಿ ನೋಡಿದ. ಗುದ್ದಿಸಿಕೊಂಡ ಗಾಡಿಯಾದರೆ ಅಲ್ಲೇ ಗೊತ್ತಾಗುತ್ತದಂತೆ. 'ಗಾಡಿ ನೀಟಾಗಿದೆ ಸಾರ್, ಆದ್ರೆ ಮಾಡೆಲ್ ಹಳೇದು' ಎಂದು ಒಂದೂವರೆ ಲಕ್ಷ ಹೇಳಿದ. ಹೊಸದಕ್ಕೆ 7 ಲಕ್ಷ ಸಾಲ ಮಾಡಿದರೆ, ಶೇ 9 ಬಡ್ಡಿಗೆ ಐದು ವರ್ಷ ತಿಂಗಳಿಗೆ 14,500 ರೂಪಾಯಿ ಕಂತು. ನನ್ನ ದೊಡ್ಡ ಬಿಲ್ಲು ನಾಲ್ಕು ಕಂತಿಗೂ ಕಡಿಮೆ. ಬ್ರೋಕರಿಗೆ ಕಾಫಿ ಕೊಟ್ಟು ಕಳಿಸಿದೆವು.

ಒಂದು ಕಡೆ ಮಾತ್ರ ರೀಸೇಲ್ ಮಾತಿಗೆ ಕಿವಿಗೊಡಬೇಕು. ಕಂಪನಿಯೇ ದೇಶ ಬಿಟ್ಟರೆ ಬಿಡಿಭಾಗಕ್ಕೆ ಅಲೆಯಬೇಕಾದೀತು ಎಂಬ ಭಯ ಬೆಲೆಯನ್ನು ಇಳಿಸುತ್ತದೆ. ಷೆವರ್ಲೆ 2017ರಲ್ಲಿ ಇಲ್ಲಿ ಮಾರಾಟ ನಿಲ್ಲಿಸಿತು, ಫೋರ್ಡ್ 2021ರಲ್ಲಿ ತಯಾರಿಕೆ ನಿಲ್ಲಿಸುವುದಾಗಿ ಪ್ರಕಟಿಸಿತು. ಹಾಗಾಗಿ ಬ್ರೋಕರಿಗಿಂತ ಮೊದಲು ನಿಮ್ಮೂರ ಮೆಕ್ಯಾನಿಕ್‌ನನ್ನು ಕೇಳಿ: ಈ ಗಾಡಿಯ ಸಾಮಾನು ಸಲೀಸಾಗಿ ಸಿಗುತ್ತದಾ?

2028ಕ್ಕೆ ನನ್ನ ಗಾಡಿಗೆ ಹದಿನೈದು ತುಂಬುತ್ತದೆ. ಆರ್‌ಸಿ ನವೀಕರಣಕ್ಕೆ ಈಗಿನ ಶುಲ್ಕ 5,000 ರೂಪಾಯಿ. ಫಿಟ್‌ನೆಸ್ ಪರೀಕ್ಷೆಯಲ್ಲಿ ಪಾಸಾದರೆ ಇನ್ನೂ ಐದು ವರ್ಷ ಓಡಿಸಬಹುದು.