ಬಣ್ಣದ ಕೆಳಗೆ ಏನಿದೆ? ಹಳೇ ರೋಡ್‌ಕಿಂಗ್ ಕಲಿಸಿದ ಪಾಠ

ನಾವು ಮೂವರು, ಎರಡನೇ ವರ್ಷದ ಮೆಕ್ಯಾನಿಕಲ್. ಒಬ್ಬನ ಊರು ರಾಯಬಾಗ. ಇನ್ನಿಬ್ಬರು ರಜೆಗೆ ಅವನ ಮನೆಗೆ ಹೋಗಿ, ಅವರವ್ವ ಬಡಿದ ರೊಟ್ಟಿ ಖಾಲಿ ಮಾಡಿದವರು. ಮೂವರೂ ಒಂದನೇ ಕ್ಲಾಸಿನಿಂದ ಇಂಗ್ಲಿಷ್ ಮೀಡಿಯಂ. ಹಾಗಾಗಿ ಇಲ್ಲಿ ಕನ್ನಡ ತಪ್ಪಿದ್ರೆ ಸಂಘದ ಸಂಪಾದಕರು ತಿದ್ದಲಿ. ಗಾಡಿಯಲ್ಲಿ ಮಾಡಿದ ತಪ್ಪುಗಳನ್ನ ನಾವೇ ತಿದ್ದಿದ್ದೇವೆ. ಈ ಲೇಖನ ಇರೋದು ಅವುಗಳ ಬಗ್ಗೆ.

ಎರಡನೇ ಸೆಮಿಸ್ಟರ್ ಪರೀಕ್ಷೆ ಮುಗಿದ ಮೇಲೆ ಒಂದು ಸೆಕೆಂಡ್ ಹ್ಯಾಂಡ್ ಯೆಜ್ಡಿ ರೋಡ್‌ಕಿಂಗ್ ತಗೊಂಡ್ವಿ. 1993ರ ಮಾಡೆಲ್, ಅಂದ್ರೆ ನಮಗಿಂತ ಹಿರಿಯ. ರಾಯಬಾಗದ ಹತ್ತಿರದ ಹಳ್ಳಿಯ ಒಬ್ಬ ಅಜ್ಜ ಅದರ ಮೇಲೆ ವರ್ಷಗಟ್ಟಲೆ ಹಾಲಿನ ಕ್ಯಾನ್ ಹೇರಿಕೊಂಡು ಓಡಾಡಿದವರು. ಮೊಣಕಾಲು ನೋವು ಶುರುವಾಗಿ ಕಿಕ್ ಹೊಡೆಯೋಕೆ ಆಗದೆ, ಗಾಡಿ ದನದ ಕೊಟ್ಟಿಗೆ ಪಕ್ಕ ನಿಂತಿತ್ತು. 32,000 ರೂಪಾಯಿಗೆ ಕೊಟ್ಟರು. ದುಡ್ಡು ಎಣಿಸಿಕೊಂಡ ಮೇಲೆ ಒಂದೇ ಮಾತು ಹೇಳಿದರು: "ಬಣ್ಣ ಯಾವ್ದರ ಹಚ್ರಿ ತಮ್ಮಾ, ಆದ್ರ ಗಾಡಿ ಕೊಯ್ಯಬ್ಯಾಡ್ರಿ."

ಹೂಂ ಅಂದ್ವಿ. ಆದರೆ ನಮ್ಮ ತಲೆಯಲ್ಲಿ ಇದ್ದದ್ದು ಕೊಯ್ಯೋ ಪ್ಲ್ಯಾನೇ. ಹಿಂದಿನ ಫ್ರೇಮ್ ಕತ್ತರಿಸಿ, ಮಡ್‌ಗಾರ್ಡ್ ಬಿಸಾಕಿ, ಮ್ಯಾಟ್ ಆಲಿವ್ ಗ್ರೀನ್ ಬಣ್ಣ ಹೊಡೆದು, ರಾಯಬಾಗದಿಂದ ಮೈಸೂರಿಗೆ ಟೂರ್ ಹೋಗೋದು. ಮೈಸೂರೇ ಯಾಕೆ ಅಂದ್ರೆ ಈ ಗಾಡಿ ಹುಟ್ಟಿದ್ದು ಅಲ್ಲೇ. ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಜಾವಾ, 1973ರಿಂದ ಯೆಜ್ಡಿ ಹೆಸರಿನ ಗಾಡಿಗಳು ತಯಾರಾದವು. 1978ರಲ್ಲಿ ರೋಡ್‌ಕಿಂಗ್ ಬಂತು. 250 ಸಿಸಿ ವರ್ಗದ ಟೂ ಸ್ಟ್ರೋಕ್, ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್, ಕಿಕ್ ಹೊಡೆಯೋದಕ್ಕೂ ಗೇರ್ ಹಾಕೋದಕ್ಕೂ ಒಂದೇ ಲಿವರ್. 1996ರಲ್ಲಿ ಕಾರ್ಖಾನೆ ಮುಚ್ಚಿತು. ಅಂದ್ರೆ ನಮ್ಮದು ಕೊನೆಗಾಲದ ಕೂಸು.

ಮೊದಲು ಕಾಗದ, ಆಮೇಲೆ ಬಣ್ಣ

ಸೆಕೆಂಡ್ ಹ್ಯಾಂಡ್ ಗಾಡಿ ತಗೊಳ್ಳೋರು ಇಂಜಿನ್ ಶಬ್ದ ಕೇಳೋಕೆ ಮುಂಚೆ ಆರ್‌ಸಿ ಓದಬೇಕು. ಫ್ರೇಮಿನ ಮೇಲಿನ ಚಾಸಿ ನಂಬರ್ ಮತ್ತು ಇಂಜಿನ್ ನಂಬರ್ ಎರಡನ್ನೂ ಒಂದೊಂದೇ ಅಂಕಿ ಓದಿ ಆರ್‌ಸಿ ಜೊತೆ ತಾಳೆ ನೋಡಿ. ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ನಮ್ಮ ಅಜ್ಜ ಅದನ್ನ ಮಾಡಿಸಿದ್ದರು, ಇನ್ನೂ ಎರಡು ವರ್ಷ ಬಾಕಿ ಇತ್ತು. ಹೆಸರು ಬದಲಾವಣೆಗೆ ಫಾರಂ 29 ಮತ್ತು 30.

ನಮ್ಮ ಗಡಿ ಭಾಗದಲ್ಲಿ ಇನ್ನೊಂದು ವಿಷಯ ಇದೆ. ಮಿರಜ, ಸಾಂಗಲಿ, ಕೊಲ್ಹಾಪುರ ಹತ್ತಿರ ಇರೋದ್ರಿಂದ ಎಂಎಚ್ 09, ಎಂಎಚ್ 10 ಗಾಡಿಗಳು ಬಹಳ ಸಿಗ್ತವೆ. ರೇಟ್ ಕಡಿಮೆ ಅಂತ ತಗೊಂಡ್ರೆ ಅಲ್ಲಿಯ ಆರ್‌ಟಿಓದಿಂದ ಫಾರಂ 28ರ ಎನ್‌ಓಸಿ ತರಬೇಕು, ಇಲ್ಲಿ ತೆರಿಗೆ ಕಟ್ಟಿ ಹೊಸ ನಂಬರ್ ತಗೋಬೇಕು. ಆ ಖರ್ಚನ್ನೂ ಸೇರಿಸಿಯೇ ರೇಟ್ ಲೆಕ್ಕ ಹಾಕಿ.

ನಾವು ಓದದೆ ಬಿಟ್ಟದ್ದು ಆರ್‌ಸಿಯಲ್ಲಿದ್ದ ಒಂದೇ ಒಂದು ಸಾಲು: ಬಣ್ಣ, ಮೆರೂನ್. ಕೊಟ್ಟಿಗೆಯಲ್ಲಿ ನಿಂತ ಗಾಡಿ ಕಪ್ಪಗಿತ್ತು. ಅಜ್ಜನ ಮಗ ಯಾವಾಗಲೋ ಬ್ರಶ್‌ನಿಂದ ಕಪ್ಪು ಬಳಿದಿದ್ದ. ಆ ಸಾಲಿನ ಬೆಲೆ ನಮಗೆ ಆಮೇಲೆ ಗೊತ್ತಾಯ್ತು.

ಮೊದಲ ಸೋಲು: 2,600 ರೂಪಾಯಿ, ನಾಲ್ಕು ದಿನ

ಜುಲೈ ತಿಂಗಳು. ಬೆಳಿಗ್ಗೆ ಜಿನುಗು ಮಳೆ. ಟಾಕಿ (ನಮ್ಮ ಕಡೆ ಪೆಟ್ರೋಲ್ ಟ್ಯಾಂಕಿಗೆ ಹೀಗೇ ಅಂತಾರೆ) ಬಿಚ್ಚಿ, ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ, ಮೇಲ್ಮೇಲೆ ಸ್ಯಾಂಡ್ ಪೇಪರ್ ತಿಕ್ಕಿ, ಡಬ್ಬಿ ಸ್ಪ್ರೇಯಿಂದ ಆಲಿವ್ ಗ್ರೀನ್ ಹೊಡೆದ್ವಿ. ಅರ್ಧ ಗಂಟೆಯಲ್ಲಿ ಮೂರು ರೋಗ ಒಟ್ಟಿಗೆ ಬಂದವು.

ಒಂದು, ಬಣ್ಣ ಮುದುಕರ ಚರ್ಮದ ಹಾಗೆ ಸುಕ್ಕಾಯ್ತು. ಡಬ್ಬಿ ಸ್ಪ್ರೇಯಲ್ಲಿರೋ ಥಿನ್ನರ್ ಜೋರು. ಅದು ಕೆಳಗಿನ ಹಳೇ ಇನಾಮಲ್ ಪದರದೊಳಗೆ ಇಳಿದು ಅದನ್ನ ಉಬ್ಬಿಸುತ್ತದೆ. ಕೆಳಗಿನದು ಅಲುಗಾಡಿದ್ರೆ ಮೇಲಿನದು ಹೇಗೆ ನಿಲ್ಲುತ್ತೆ?

ಎರಡು, ಅಲ್ಲಲ್ಲಿ ಮೀನಿನ ಕಣ್ಣಿನಂಥ ಗುಂಡು ಕುಳಿಗಳು. ಎಣ್ಣೆ ಅಥವಾ ಸಿಲಿಕಾನ್ ಪಾಲಿಶ್ ಇರೋ ಜಾಗದಲ್ಲಿ ಸರ್ಫೇಸ್ ಟೆನ್ಶನ್ ಬೇರೆ ಇರುತ್ತದೆ, ಬಣ್ಣ ಅಲ್ಲಿಂದ ದೂರ ಸರಿಯುತ್ತದೆ. ಸೀಮೆಎಣ್ಣೆ ತಾನೇ ಒಂದು ಎಣ್ಣೆ. ಅದರಿಂದ ಒರೆಸಿ ನಾವೇ ರೋಗ ಅಂಟಿಸಿದ್ವಿ.

ಮೂರು, ಇಡೀ ಟಾಕಿ ಮೇಲೆ ಬಿಳಿ ಮಬ್ಬು. ಇದು ಥರ್ಮೋಡೈನಾಮಿಕ್ಸ್. ಥಿನ್ನರ್ ಆವಿಯಾಗುವಾಗ ತಗಡಿನಿಂದ ಶಾಖ ತಗೊಳ್ಳುತ್ತದೆ, ತಗಡು ತಣ್ಣಗಾಗುತ್ತದೆ. ಗಾಳಿ 26 ಡಿಗ್ರಿ, ತೇವಾಂಶ ಶೇ. 90 ಇದ್ದಾಗ ಡ್ಯೂ ಪಾಯಿಂಟ್ ಸುಮಾರು 24 ಡಿಗ್ರಿ. ಅಂದ್ರೆ ತಗಡು ಎರಡೇ ಡಿಗ್ರಿ ತಣ್ಣಗಾದ್ರೂ ಅದರ ಮೇಲೆ ಇಬ್ಬನಿ ಕೂರುತ್ತದೆ, ಹಸಿ ಬಣ್ಣದೊಳಗೆ ಸಿಕ್ಕಿಕೊಳ್ಳುತ್ತದೆ. ಅದೇ 32 ಡಿಗ್ರಿ, ಶೇ. 40 ತೇವಾಂಶದ ದಿನ ಡ್ಯೂ ಪಾಯಿಂಟ್ ಸುಮಾರು 17ಕ್ಕೆ ಇಳಿಯುತ್ತದೆ, ಆಗ ಭಯ ಇಲ್ಲ. ಪರೀಕ್ಷೆಗೆ ಓದಿದ್ದ ಡ್ಯೂ ಪಾಯಿಂಟ್ ನಮ್ಮ ಟಾಕಿ ಮೇಲೇ ಕೂತಿತ್ತು, ಆದರೆ ಗುರುತು ಹಿಡಿಯೋಕೆ ನಾಲ್ಕು ದಿನ ಬೇಕಾಯ್ತು.

ಕಾಕಾನ ಅಂಗಡಿ

ಕೊನೆಗೆ ಟಾಕಿ ಹೊತ್ತುಕೊಂಡು ಒಬ್ಬ ಪೇಂಟರ್ ಕಾಕಾನ ಹತ್ರ ಹೋದ್ವಿ. ಕಬ್ಬಿನ ಸೀಸನ್ ಶುರುವಾಗೋ ಮುಂಚೆ ಟ್ರ್ಯಾಕ್ಟರ್, ಟ್ರಾಲಿಗಳಿಗೆ ಬಣ್ಣ ಹೊಡೆಯೋದು ಅವರ ಕಸುಬು. ಟಾಕಿ ನೋಡಿ ನಕ್ಕರು. "ಹುಡುಗೋರಾ, ಬಣ್ಣ ಹಚ್ಚೂದು ಕಡೀ ಕೆಲ್ಸ. ಮೊದ್ಲ ಕೆಳಗ ಏನೈತಿ ನೋಡ್ರಿ."

80 ನಂಬರಿನ ಪೇಪರ್ ಕೊಟ್ಟು ಕೂರಿಸಿದರು. ನೆನಪಿಡಿ, ಪೇಪರಿನ ನಂಬರ್ ಹೆಚ್ಚಾದಷ್ಟೂ ಅದು ನಯ. ಆಲಿವ್ ಗ್ರೀನ್ ಹೋಯ್ತು, ಕಪ್ಪು ಹೋಯ್ತು, ಕೆಳಗಿನಿಂದ ಮೆರೂನ್ ಬಂತು. ಟಾಕಿಯ ಒಂದು ಮೂಲೆಯಲ್ಲಿ ಮೆರೂನ್ ಕೆಳಗೆ ಗುಳ್ಳೆ, ಗುಳ್ಳೆ ಕೆಳಗೆ ಜಂಗು. ಮೊದಲನೇ ವರ್ಷದ ಕೆಮಿಸ್ಟ್ರಿಯಲ್ಲಿ ಕರೋಶನ್ ಪಾಠ ಬರೆದು ಮಾರ್ಕ್ಸ್ ತಗೊಂಡಿದ್ವಿ. ಆದರೆ ಜಂಗು ಕಬ್ಬಿಣಕ್ಕಿಂತ ಹೆಚ್ಚು ಜಾಗ ತಗೊಳ್ಳುತ್ತದೆ, ಅದಕ್ಕೇ ಬಣ್ಣವನ್ನ ಒಳಗಿನಿಂದ ಎತ್ತುತ್ತದೆ ಅನ್ನೋದು ಕೈಗೆ ಸಿಕ್ಕಿದ್ದು ಅವತ್ತು.

ಕಾಕಾ ಹೇಳಿದ ಕ್ರಮ ಇದು. ಜಂಗನ್ನ ಹೊಳೆಯೋ ತಗಡು ಕಾಣೋವರೆಗೆ ತೆಗೆಯಿರಿ. ಸಣ್ಣ ಕುಳಿಗಳಲ್ಲಿ ಉಳಿದದ್ದಕ್ಕೆ ಫಾಸ್ಫಾರಿಕ್ ಆಸಿಡ್ ಇರೋ ರಸ್ಟ್ ರಿಮೂವರ್ ಹಚ್ಚಿ, ತೊಳೆದು, ಪೂರ್ತಿ ಒಣಗಿಸಿ. ತಗಡು ಬರಿಮೈಯಲ್ಲಿ ರಾತ್ರಿ ಕಳೆಯಬಾರದು, ಅದೇ ದಿನ ಎಪಾಕ್ಸಿ ಪ್ರೈಮರ್ ಹೊಡೀರಿ. ತಗ್ಗು ಇದ್ದಲ್ಲಿ ಪುಟ್ಟಿ, ಅದೂ ತೆಳ್ಳಗೆ, 2 ಮಿ.ಮೀ. ದಾಟಬಾರದು. ಪಾಲಿಯೆಸ್ಟರ್ ಪುಟ್ಟಿ ನೀರು ಹೀರುತ್ತದೆ, ಹಾಗಾಗಿ ಅದನ್ನ 180, 220ರಲ್ಲಿ ಒಣದಾಗಿಯೇ ತಿಕ್ಕಬೇಕು. ಅದರ ಮೇಲೆ ಮತ್ತೆ ಪ್ರೈಮರ್. ಅದನ್ನ 600ರ ವಾಟರ್ ಪೇಪರಿನಲ್ಲಿ ನೀರು ಹಾಕಿ ತಿಕ್ಕಬೇಕು. ಬೆರಳಿಗೆ ಏನೂ ತಾಗಬಾರದು, ಯಾಕಂದ್ರೆ ಬೆರಳಿಗೆ ತಾಗಿದ್ದೆಲ್ಲ ಬಣ್ಣ ಹೊಡೆದ ಮೇಲೆ ಕಣ್ಣಿಗೆ ಕಾಣುತ್ತದೆ.

ಒಂದು ಎಚ್ಚರಿಕೆ. ಟಾಕಿಯಿಂದ ಪೆಟ್ರೋಲ್ ತೆಗೆದ ಮೇಲೂ ಒಳಗೆ ಆವಿ ಇರುತ್ತದೆ. ಖಾಲಿ ಟಾಕಿ ಅಂತ ಗ್ರೈಂಡರ್, ವೆಲ್ಡಿಂಗ್ ಹತ್ರ ಒಯ್ಯಬೇಡಿ. ತುಂಬಿದ ಟಾಕಿಗಿಂತ ಖಾಲಿ ಟಾಕಿಯೇ ಅಪಾಯ.

ನಂಬರ್ ಹ್ವಾದ್ರ ಗಾಡೀನ ಹ್ವಾದಂಗ

ಮೂರನೇ ದಿನ ಡ್ರಿಲ್ ಮಷೀನಿಗೆ ತಂತಿ ಬ್ರಶ್ ಹಾಕಿ ಫ್ರೇಮ್ ಕ್ಲೀನ್ ಮಾಡ್ತಿದ್ವಿ. ಕೆಲಸ ಬೇಗ ಆಗ್ತಿತ್ತು, ಖುಷಿಯಾಗಿದ್ವಿ. ಹ್ಯಾಂಡಲ್ ಕೂರುವ ಕೊರಳಿನ ಹತ್ರ ಬ್ರಶ್ ಒಯ್ದದ್ದೇ ತಡ, ಕಾಕಾ ಓಡಿಬಂದು ಪ್ಲಗ್ ಕಿತ್ತರು. ಅಲ್ಲಿ ಬಣ್ಣದ ಕೆಳಗೆ ಚಾಸಿ ನಂಬರ್ ಇತ್ತು.

"ಬಣ್ಣ ಹ್ವಾದ್ರ ನಾ ಮತ್ತ ಹಚ್ಚತೀನಿ. ಆ ನಂಬರ್ ಹ್ವಾದ್ರ ಗಾಡೀನ ಹ್ವಾದಂಗ."

ನಮ್ಮ ಕೈ ನಡುಗಿದ್ದು ಸುಳ್ಳಲ್ಲ. ಅಳಿಸಿದ ನಂಬರ್ ನೋಡಿದವರು ಇದು ಕಳವಿನ ಗಾಡಿ ಅಂತಲೇ ಅನುಮಾನ ಪಡ್ತಾರೆ. ನವೀಕರಣದ ತಪಾಸಣೆಯಲ್ಲಿ ಇನ್‌ಸ್ಪೆಕ್ಟರ್ ನೋಡೋದೂ ಅದನ್ನೇ. ಅಜ್ಜ ಮೂವತ್ತು ವರ್ಷ ಜೋಪಾನ ಮಾಡಿದ್ದನ್ನ ನಾವು ಮೂವತ್ತು ಸೆಕೆಂಡಿನಲ್ಲಿ ಒರೆಸಿ ಹಾಕ್ತಿದ್ವಿ. ಆ ಜಾಗವನ್ನ ಥಿನ್ನರ್ ಬಟ್ಟೆಯಿಂದ ಕೈಯಲ್ಲೇ ಒರೆಸಿ, ಫೋಟೋ ತೆಗೆದು, ಬಣ್ಣ ಹೊಡೆಯುವಾಗ ಮಾಸ್ಕಿಂಗ್ ಟೇಪ್ ಹಚ್ಚಿ, ಕೊನೆಗೆ ತೆಳ್ಳಗೆ ಕ್ಲಿಯರ್ ಕೋಟ್ ಮಾತ್ರ ಕೊಟ್ವಿ.

ಅವತ್ತು ರಾತ್ರಿಯೇ ಕೂತು ಆರ್‌ಸಿಯನ್ನ ಮೊದಲಿನಿಂದ ಕೊನೆವರೆಗೆ ಓದಿದ್ದು, ಮೋಟಾರು ವಾಹನ ಕಾಯ್ದೆಯನ್ನೂ ತೆಗೆದಿದ್ದು. 1988ರ ಕಾಯ್ದೆಯ 52ನೇ ಕಲಮಿನ ಪ್ರಕಾರ ಆರ್‌ಸಿಯಲ್ಲಿ ಇರೋದಕ್ಕೂ ಗಾಡಿಗೂ ವ್ಯತ್ಯಾಸ ಬರೋ ಹಾಗೆ ಬದಲಾವಣೆ ಮಾಡೋ ಹಾಗಿಲ್ಲ. ಬಣ್ಣ ಬದಲಿಸಬೇಕಂದ್ರೆ ಆರ್‌ಟಿಓಗೆ ಅರ್ಜಿ ಕೊಟ್ಟು ಆರ್‌ಸಿಯಲ್ಲಿ ಬರೆಸಬೇಕು, ಇನ್ಶೂರೆನ್ಸಿನವರಿಗೂ ತಿಳಿಸಬೇಕು. 2019ರ ತಿದ್ದುಪಡಿಯಲ್ಲಿ ಸೇರಿದ 182ಎ ಕಲಮಿನಲ್ಲಿ ಅನುಮತಿ ಇಲ್ಲದ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಇದೆ.

ಇನ್ನೊಂದು ನಿಯಮವೂ ಕಣ್ಣಿಗೆ ಬಿತ್ತು. 2021ರ ನಿಯಮದಂತೆ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರೋ ದ್ವಿಚಕ್ರ ವಾಹನವನ್ನ ವಿಂಟೇಜ್ ಅಂತ ನೋಂದಾಯಿಸಬಹುದು. ನಮ್ಮದಕ್ಕೆ 50 ತುಂಬೋದು 2043ರಲ್ಲಿ. ಆಗ ನಮಗೆ ಮೂವತ್ತೇಳೋ ಮೂವತ್ತೆಂಟೋ. ಈಗ ಫ್ರೇಮ್ ಕೊಯ್ದರೆ ಆ ಬಾಗಿಲು ಇವತ್ತೇ ಮುಚ್ಚುತ್ತದೆ. ಅಜ್ಜನಿಗೆ ಈ ನಿಯಮ ಗೊತ್ತಿರಲಿಕ್ಕಿಲ್ಲ, ಆದರೆ ಅವರು ಹೇಳಿದ್ದೂ ಇದನ್ನೇ. ಆಲಿವ್ ಗ್ರೀನ್ ಬಿಟ್ವಿ. ಮೆರೂನ್ ಅಂತ ತೀರ್ಮಾನ ಆಯ್ತು.

ಬಣ್ಣ ಹೊಡೆದ ದಿನ

ಮೂರು ದಿನ ಬಿಸಿಲು ಬೀಳೋವರೆಗೆ ಕಾಕಾ ಗನ್ ಮುಟ್ಟಲಿಲ್ಲ. ಗನ್ ತಗಡಿನಿಂದ ಆರರಿಂದ ಎಂಟು ಇಂಚು ದೂರ ಇರಬೇಕು. ಹತ್ರ ಹೋದ್ರೆ ಬಣ್ಣ ಸೋರುತ್ತದೆ. ದೂರ ಹೋದ್ರೆ ಹನಿ ದಾರಿಯಲ್ಲೇ ಒಣಗಿ ಕಿತ್ತಳೆ ಸಿಪ್ಪೆಯ ಹಾಗೆ ಕೂರುತ್ತದೆ. ಅಂಚಿನ ಹೊರಗೇ ಟ್ರಿಗರ್ ಒತ್ತಿ, ಹೊರಗೇ ಬಿಡಿ. ಪ್ರತಿ ಪಟ್ಟೆ ಹಿಂದಿನ ಪಟ್ಟೆಯ ಅರ್ಧ ಮುಚ್ಚಬೇಕು. ಕೋಟಿನಿಂದ ಕೋಟಿಗೆ ಹತ್ತು ಹದಿನೈದು ನಿಮಿಷ ಬಿಡಿ. ಎರಡು ದಿನ ಒಣಗಿದ ಮೇಲೆ ಕ್ಲಿಯರ್ ಕೋಟನ್ನ 2000ದ ಪೇಪರಿನಲ್ಲಿ ನೀರು ಹಾಕಿ ತಿಕ್ಕಿ, ರಬ್ಬಿಂಗ್ ಕಾಂಪೌಂಡ್ ಹಚ್ಚಿದ್ರೆ ಮುಖ ಕಾಣುತ್ತದೆ. ಇಷ್ಟೆಲ್ಲ ಸೇರಿ ಪದರದ ದಪ್ಪ ಎರಡು ಕೂದಲೆಳೆಯಷ್ಟು, ಅಷ್ಟೇ.

ಹಾರ್ಡ್ನರ್ ಸೇರಿಸೋ ಪಿಯು ಬಣ್ಣದಲ್ಲಿ ಐಸೋಸಯನೇಟ್ ಇರುತ್ತದೆ. ಅದರ ಮಂಜು ಉಸಿರಲ್ಲಿ ಹೋದ್ರೆ ಅಸ್ತಮಾ ಬರಬಹುದು. ಬಟ್ಟೆ ಕಟ್ಟಿಕೊಂಡ್ರೆ ಪ್ರಯೋಜನ ಇಲ್ಲ, ಕಾರ್ಟ್ರಿಜ್ ಇರೋ ಮಾಸ್ಕ್ ಬೇಕು. ಕಾಕಾ ಇಷ್ಟು ವರ್ಷ ಮೂಗಿಗೆ ಟವೆಲ್ ಸುತ್ತಿಕೊಂಡೇ ಹೊಡೆದವರು, ದಿನವಿಡೀ ಕೆಮ್ತಿದ್ದರು. ನಾವು ಎರಡು ಮಾಸ್ಕ್ ತಂದು ಒಂದನ್ನ ಅವರಿಗೆ ಕೊಟ್ವಿ. "ಇದ್ರಾಗ ಉಸ್ರ ಕಟ್ಟತೈತಿ" ಅಂತ ಬೈದು, ಕ್ಲಿಯರ್ ಕೋಟ್ ಹೊತ್ತಿಗೆ ತಾವೇ ಕೇಳಿ ಹಾಕಿಕೊಂಡರು.

ಬಿಚ್ಚಿ ತೆಗೆಯೋ ಹಾಗಿರಲಿ

ಹಾಗಾದ್ರೆ ಕಸ್ಟಮ್ ಏನೂ ಮಾಡಲಿಲ್ವಾ? ಮಾಡಿದ್ವಿ. ನಿಯಮ ಒಂದೇ: ಪಾನಾ ಹಾಕಿ ಬಿಚ್ಚಿದ್ರೆ ಗಾಡಿ ಮೊದಲಿನ ಹಾಗೆ ಆಗಬೇಕು. ಹಿಂದೆ ಬೋಲ್ಟ್ ಹಾಕಿದ ಕ್ಯಾರಿಯರ್. ಹಳೇ ಸೀಟಿನ ತಳದ ಮೇಲೇ ದಪ್ಪ ಫೋಮ್, ಹೊಸ ರೆಕ್ಸಿನ್. ಸ್ಯಾರಿ ಗಾರ್ಡ್ ಕೀಳಲಿಲ್ಲ, ಹಿಂದೆ ಕೂರೋರ ಬಟ್ಟೆ ಚಕ್ರಕ್ಕೆ ಸಿಗದ ಹಾಗೆ ಅದು ಇರಲೇಬೇಕು ಅಂತ ನಿಯಮ ಇದೆ. ಸೈಲೆನ್ಸರ್ ಮುಟ್ಟಲಿಲ್ಲ. ಕ್ಯಾರಿಯರಿಗೆ ಮತ್ತು ಮಡ್‌ಗಾರ್ಡಿಗೆ ರಿಫ್ಲೆಕ್ಟರ್ ಹಚ್ಚಿದ್ವಿ. ಕಬ್ಬಿನ ಸೀಸನ್ನಿನಲ್ಲಿ ನಮ್ಮ ಕಡೆಯ ರಸ್ತೆಯಲ್ಲಿ ರಾತ್ರಿ ಓಡಾಡಿದವರಿಗೆ ಅದರ ಬೆಲೆ ಗೊತ್ತು. ಹಿಂದಿನ ದೀಪ ಇಲ್ಲದ ಜೋಡಿ ಟ್ರಾಲಿ ಮುಂದೆ ಇರುತ್ತದೆ, ಲೈಟ್ ಕಣ್ಣಿಗೆ ಹೊಡೆಯೋ ಲಾರಿ ಎದುರಿಗೆ ಬರುತ್ತದೆ, ನಡುವೆ ನಾವು.

ಲೆಕ್ಕ ಕೇಳೋರಿಗೆ: ಗಾಡಿ 32,000, ಹಾಳಾದ ಮೊದಲ ಬಣ್ಣ 2,600, ಕಾಕಾನ ಕೂಲಿ ಮತ್ತು ಸಾಮಾನು 9,400, ಕ್ಯಾರಿಯರ್, ಸೀಟು, ರಿಫ್ಲೆಕ್ಟರ್ 4,300. ಒಟ್ಟು 48,300.

ಮೈಸೂರಿಗೆ 600 ಕಿಲೋಮೀಟರಿಗಿಂತ ಹೆಚ್ಚು, ಅದು ಡಿಸೆಂಬರ್ ರಜೆಗೆ. ಮೊದಲ ಸವಾರಿ ಚಿಂಚಲಿ ಮಾಯಕ್ಕನ ಗುಡಿಗೆ, ಅಲ್ಲಿಂದ ಅಜ್ಜನ ಮನೆಗೆ. ಅಜ್ಜ ಟಾಕಿ ಮೇಲೆ ಕೈ ಆಡಿಸಿದರು. ಹಿಂದೆ ಹೋಗಿ ಬಗ್ಗಿ ಫ್ರೇಮ್ ನೋಡಿದರು, ಕೊಯ್ದಿದಾರೋ ಇಲ್ವೋ ಅಂತ. ಏನೂ ಹೇಳಲಿಲ್ಲ. ಒಳಗೆ ತಿರುಗಿ, "ಹುಡುಗೋರು ಬಂದಾರ, ಚಾ ಇಡ್ರಿ" ಅಂದರು.

ನಿಮ್ಮ ಮನೆಯಲ್ಲೂ ಇಂಥ ಗಾಡಿ ನಿಂತಿದ್ರೆ, ಬಣ್ಣದ ಡಬ್ಬಿ ತರೋ ಮುಂಚೆ ಎರಡು ಕೆಲಸ ಮಾಡಿ. ಆರ್‌ಸಿ ಪೂರ್ತಿ ಓದಿ. ಕಾಣದ ಒಂದು ಮೂಲೆಯಲ್ಲಿ ಸ್ವಲ್ಪ ತಿಕ್ಕಿ, ಕೆಳಗೆ ಏನಿದೆ ನೋಡಿ. ಮಿಕ್ಕದ್ದು ಕೇಳಬೇಕಂದ್ರೆ ನಾವು ಕಾಲೇಜಿನ ಪಾರ್ಕಿಂಗ್‌ನಲ್ಲಿ ಸಿಗ್ತೀವಿ, ಮೆರೂನ್ ಗಾಡಿ ಪಕ್ಕ.